ಹಳದಿ ಬಸ್ಸಿನ ಕಾಕು

ಅವರು ಯಾರ ಜೊತೆ ಮಾತಾಡುವಾಗಲೂ ಮೊದಲು ಕಣ್ಣೆತ್ತಿ ಮೇಲೆ ನೋಡುತ್ತಿದ್ದರು. ಒಲೆಯ ಮುಂದೆ ನಿಂತಿರಲಿ, ಕಾರಿನ ಡಿಕ್ಕಿಯಿಂದ ಸಾಮಾನು ಇಳಿಸುತ್ತಿರಲಿ, ಹಿಂದಿನಿಂದ ಯಾರಾದರೂ ಕರೆದರೆ ತಿರುಗುತ್ತಿರಲಿಲ್ಲ. ಹಣೆಯ ಮೇಲ್ಗಡೆ ಎಲ್ಲೋ ಒಂದು ಕನ್ನಡಿ ತೂಗುತ್ತಿದೆಯೆಂಬಂತೆ ಕಣ್ಣನ್ನಷ್ಟೇ ಎತ್ತಿ "ಹೇಳ್ರಿ" ಅನ್ನುತ್ತಿದ್ದರು. ವರ್ಷಗಟ್ಟಲೆ ಸ್ಕೂಲ್ ಬಸ್ ಓಡಿಸಿದ್ದರಿಂದ ಬಂದ ಅಭ್ಯಾಸ ಅದು. ಡ್ರೈವರಿನ ತಲೆಯ ಮೇಲಿರುವ ಉದ್ದ ಕನ್ನಡಿಯಲ್ಲಿ ಹಿಂದಿನ ಸೀಟುಗಳ ಮಕ್ಕಳನ್ನೆಲ್ಲ ನೋಡಿ ನೋಡಿ, ಮನುಷ್ಯರನ್ನು ನೋಡುವ ರೀತಿಯೇ ಅವರಿಗೆ ಹಾಗಾಗಿಬಿಟ್ಟಿತ್ತು.

ಅವರು ಹೋದ ಸುದ್ದಿ ಬಂದಾಗಿನಿಂದ ನಮ್ಮ ಪರಿಚಯದವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿ ಒಳ್ಳೆಯ ಮಾತುಗಳನ್ನೇ ಹೇಳಿಕೊಳ್ಳುತ್ತಿದ್ದಾರೆ. ಅದರಲ್ಲಿ ಒಂದೂ ಸುಳ್ಳಲ್ಲ. ನನಗೂ ಹೇಳುವುದಿದೆ. ಆದರೆ ನನ್ನ ಮಾತಿಗೆ ಸ್ವಲ್ಪ ಕಮಟು ವಾಸನೆ ಬರುತ್ತದೆ, ಏಕೆಂದರೆ ಅವರನ್ನು ಬಲ್ಲ ಅಷ್ಟೂ ವರ್ಷ ನಾನು ಅವರನ್ನು ಕಂಡು ಹೊಟ್ಟೆಕಿಚ್ಚು ಪಟ್ಟವಳು.

ನಾವು ಅಮೆರಿಕದ ಬೆಲ್ವ್ಯೂ ನಗರದ ಅಪಾರ್ಟ್‌ಮೆಂಟ್ ಬಿಟ್ಟು ಕಣಿವೆಯ ಸಣ್ಣ ಊರು ಡುವಾಲ್‌ಗೆ ಮನೆ ಮಾಡಿಕೊಂಡು ಹೋದ ವರ್ಷ ನಮ್ಮ ಮಗಳು ಇಂಪನಾಗೆ ಒಂಬತ್ತು. ಹಿತ್ತಲಿರುವ ಮನೆ ಬೇಕೆಂಬುದು ನನ್ನ ಗಂಡನ ಆಸೆ. ಅವರಿಗೆ ರೆಡ್ಮಂಡಿನಲ್ಲಿ ಕೆಲಸ, ಹತ್ತಿರ. ನಾನು ಮಾತ್ರ ಬೆಲ್ವ್ಯೂ ಕಡೆಯ ಫ್ಯಾಕ್ಟೋರಿಯಾದ ಆಫೀಸಿಗೆ ಬೆಳಿಗ್ಗೆ ಸಂಜೆ ಟ್ರಾಫಿಕ್ಕಿನಲ್ಲಿ ಕೂತು ಹೋಗಿಬರಬೇಕು. ಹೊಸ ಸ್ಕೂಲಿನ ಮೊದಲ ದಿನ ಮಗಳನ್ನು ಹತ್ತಿಸಲು ರಸ್ತೆಯ ತಿರುವಿನಲ್ಲಿ ನಿಂತಿದ್ದೆ. ಒಂದು ಕಡೆ ಕುಂಬಳಕಾಯಿ ಹೊಲ, ಇನ್ನೊಂದು ಕಡೆ ಬೇಲಿಯಾಚೆ ಹಸುಗಳು, ಮೇಲೆ ತುಂತುರು. ಹಳದಿ ಬಸ್ಸು ಬಂದು ನಿಂತು ಬಾಗಿಲು ತೆರೆಯಿತು. "ಹುಷಾರು ಕಂದಾ, ಊಟದ ಡಬ್ಬಿ ಅಲ್ಲೇ ಬಿಟ್ಟು ಬರಬೇಡ" ಅಂದೆ.

"ಅಯ್ಯ, ಕನ್ನಡದವರೇನ್ರೀ?" ಎಂದು ಡ್ರೈವರ್ ಸೀಟಿನಿಂದ ದನಿ ಬಂತು.

ನೋಡಿದರೆ, ಮೈಮೇಲೆ ಹೊಳೆಯುವ ಸೇಫ್ಟಿ ವೆಸ್ಟು, ಹಣೆಗೆ ಕುಂಕುಮ, ಕೈ ತುಂಬ ಹಸಿರು ಬಳೆ, ತಲೆಯ ಮೇಲೆ ಕಪ್ಪು ಕನ್ನಡಕ. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದಾಗಲೇ ಅವರು ಇಂಪನಾಗೆ, "ಹತ್ತು ನಮ್ಮವ್ವ, ಲಗು ಹತ್ತು. ನಿಮ್ಮವ್ವ ಅಳಾಕ ಸುರು ಮಾಡೂದ್ರಾಗ ಹೋಗಿಬಿಡೂಣು" ಎಂದರು. ನಿಜವಾಗಿಯೂ ನನ್ನ ಕಣ್ಣು ತುಂಬಿತ್ತು. ಬಾಗಿಲು ಮುಚ್ಚಿತು. ಕಿಟಕಿಯಲ್ಲಿ ನನ್ನ ಮಗಳು ನಗುತ್ತಿದ್ದಳು.

ಬಾಗಲಕೋಟೆ ಕಡೆಯವರು. ಗಂಡ ಸಾಫ್ಟ್‌ವೇರ್, ಇಬ್ಬರು ಗಂಡುಮಕ್ಕಳು ಆಗಲೇ ಕಾಲೇಜಿಗೆಂದು ಮನೆ ಬಿಟ್ಟಿದ್ದರು. ಇಂಪನಾ ಮೊದಲ ವಾರ ಅವರನ್ನು "ಆಂಟಿ" ಅಂದಳಂತೆ. "ಆಂಟಿ ಗೀಂಟಿ ಬ್ಯಾಡ, ಕಾಕು ಅನ್ನು" ಎಂದು, ಅವರ ಕಡೆ ಚಿಕ್ಕಮ್ಮನಿಗೆ ಹೇಳುವ ಹೆಸರನ್ನು ಹೇಳಿಕೊಟ್ಟರಂತೆ. ಅದನ್ನು ಹಿಂದಿನ ಸೀಟಿನ ಹುಡುಗನೊಬ್ಬ ಕೇಳಿಸಿಕೊಂಡ. ಕ್ರಿಸ್‌ಮಸ್ ರಜೆ ಬರುವ ಹೊತ್ತಿಗೆ ಬಸ್ಸಿನ ಅಷ್ಟೂ ಮಕ್ಕಳಿಗೆ ಅವರು ಮಿಸ್ ಕಾಕು. ಬಸ್ಸಿನಲ್ಲಿ ಅವರದು ಒಂದೇ ನಿಯಮ: "ಕುಂದ್ರು, ಆಮ್ಯಾಲೆ ಮಾತಾಡು." ಇದನ್ನು ಅವರು ಇಂಗ್ಲಿಷಿಗೆ ತಂದವರೇ ಅಲ್ಲ. ಒಮ್ಮೆ ಊರಿನ ಅಂಗಡಿಯಲ್ಲಿ, ಸಾಮಾನಿನ ಬಂಡಿಯೊಳಗೆ ನಿಂತು ಕುಣಿಯುತ್ತಿದ್ದ ಮಗನಿಗೆ ಅಮೆರಿಕನ್ ತಾಯಿಯೊಬ್ಬಳು "ಕುಂದ್ರು!" ಎಂದು ಗದರಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಹುಡುಗ ತಟ್ಟನೆ ಕೂತ. ಮಿಸ್ ಕಾಕು ಗೊತ್ತಾ ಎಂದು ಆಕೆ ನನ್ನನ್ನು ಕೇಳಿದಳು. ಆ ಊರಿನಲ್ಲಿ ನನ್ನ ಹೆಸರು ಕೇಳಿದವರು ಯಾರೂ ಇರಲಿಲ್ಲ.

ಯುಗಾದಿ ಊಟಕ್ಕೆ ಕನ್ನಡದವರೆಲ್ಲ ಸೇರಿದ್ದಾಗ ಬೆಂಗಳೂರಿನ ಒಬ್ಬಾಕೆ ಅವರನ್ನು, "ನೀವೇನ್ ಮಾಡ್ಕೊಂಡಿದೀರಾ?" ಎಂದು ಕೇಳಿದರು.

"ಬಸ್ ಹೊಡೀತೀನ್ರಿ."

"ಓ, ಟೈಂಪಾಸ್‌ಗಾ?"

"ಅಲ್ರೀ, ಹುಡುಗೂರನ್ನ ಸಾಲಿಗೆ ಮುಟ್ಟಸಾಕ" ಎಂದರು ಕಾಕು. ಅದರಲ್ಲಿ ಕುಹಕ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳಲು ತಟ್ಟೆ ಮುಂದೆ ಹಿಡಿದರು.

ನಾನು ಆಫೀಸಿನಿಂದ ಬರುವುದು ತಡವಾಗುತ್ತಿದ್ದುದರಿಂದ ಇಂಪನಾ ಸಂಜೆಗಳನ್ನು ಅವರ ಮನೆಯಲ್ಲಿ ಕಳೆಯುವಂತಾಯಿತು. ನಾನು ಕೇಳಿಕೊಂಡದ್ದೂ ಅಲ್ಲ. "ಮನ್ಯಾಗ ಹುಡುಗೂರು ಇಲ್ಲ, ಬಣಬಣ ಅಂತೈತಿ, ಇರಲಿ ಬಿಡ್ರಿ" ಎಂದು ಅವರೇ ಕರೆದುಕೊಂಡು ಹೋದರು. ನವೆಂಬರಿನಲ್ಲಿ ಕಣಿವೆಯ ನದಿ ಉಕ್ಕಿ ರಸ್ತೆಗಳು ಮುಚ್ಚಿಹೋದಾಗ ನಾನು ವುಡಿನ್‌ವಿಲ್ ಕಡೆಯಿಂದ ಸುತ್ತಿಕೊಂಡು ಬರಬೇಕಾಗುತ್ತಿತ್ತು. ದಾರಿಯಲ್ಲೇ ಫೋನ್ ಮಾಡಿ, ಹೆದರಬೇಡ, ಬರ್ತಿದೀನಿ ಅಂದರೆ, ನನ್ನ ಮಗಳು ನಿಧಾನವಾಗಿ ಬಾ, ಅರ್ಜೆಂಟ್ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಇಟ್ಟುಬಿಡುತ್ತಿದ್ದಳು. ನನ್ನನ್ನು ಕಾಯದ ಮಗಳ ಕಡೆಗೆ ಆ ಮಳೆಯಲ್ಲಿ ವೈಪರ್ ಹಾಕಿಕೊಂಡು ಅಷ್ಟು ದೂರ ಹೋಗುವುದು ಹೇಗಿರುತ್ತದೆಂದು ಹೋದವರಿಗೇ ಗೊತ್ತು.

ಅವಳಿಗೆ ಕನ್ನಡ ಕಲಿಸಲು ನಾನು ಮಾಡದ ಪ್ರಯತ್ನವಿಲ್ಲ. ಶನಿವಾರದ ಕನ್ನಡ ಕ್ಲಾಸು, ಮೈಸೂರಿನಿಂದ ತರಿಸಿದ ಕಥೆ ಪುಸ್ತಕ, ಊಟದ ಹೊತ್ತಿಗೆ ಕನ್ನಡದಲ್ಲಿ ಮಾತ್ರ ಮಾತಾಡಬೇಕೆಂಬ ಕಟ್ಟುಪಾಡು. ಎಲ್ಲ ಅರ್ಥವಾಗುತ್ತಿತ್ತು; ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ಸಂಜೆ ಕಾಕು ಮನೆಯ ಮುಂಬಾಗಿಲಿಗೆ ಬಂದು ಬೆಲ್ ಒತ್ತುವಷ್ಟರಲ್ಲಿ ಒಳಗಿನಿಂದ ಕೇಳಿಸಿತು: "ಕಾಕು, ನನಗ ಇನ್ನೊಂದು ಹಾಕ್ರಿ, ಭಾಳ ಹಸದೀನಿ."

ನನ್ನ ಮಗಳ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು. ನನಗೆ ಹೇಳಿದ್ದಲ್ಲ. ನನ್ನ ಕನ್ನಡವೂ ಅಲ್ಲ. ಸಂತೋಷಪಡಬೇಕೆಂದು ಗೊತ್ತಿತ್ತು. ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತು ಪ್ರಯತ್ನಪಟ್ಟೆ, ಆಗಲಿಲ್ಲ. ಒಳಗೆ ಹೋದಾಗ ಇಂಪನಾ ಮುಖ ಎತ್ತಿ, ಇವತ್ತು ಬೇಗ ಬಂದುಬಿಟ್ಟೆಯಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅವಳಿಗೆ ಹನ್ನೆರಡಾದ ವರ್ಷ, ಏಪ್ರಿಲ್ ರಜೆಗೆ ಅರಿಜೋನಾಕ್ಕೆ ಹೋಗುವ ಯೋಜನೆ ಹಾಕಿದ್ದೂ ಕಾಕುವೇ. ಅಲ್ಲಿ ಮರುಭೂಮಿಯ ನಡುವೆ ಒಂದು ಸ್ಟೇಟ್ ಪಾರ್ಕು, ಗುಡ್ಡದ ಹೊಟ್ಟೆಯಲ್ಲಿ ದೊಡ್ಡ ಗುಹೆ. ಗೈಡ್ ಜೊತೆಗೇ ಒಳಗೆ ಹೋಗಬೇಕು, ಟಿಕೆಟ್ಟನ್ನು ತಿಂಗಳುಗಳ ಮೊದಲೇ ತೆಗೆದಿಡಬೇಕು. ಪಕ್ಕದಲ್ಲೇ ಟೆಂಟ್ ಹಾಕಲು ಜಾಗ. "ಈ ಮಳ್ಯಾಗ ಕುಂತು ಬೂಷ್ಟು ಹಿಡದೈತಿ ನನಗ. ಬಿಸಲು ಕಾಣಬೇಕು" ಎಂದರು. ಕಾಕು ಮತ್ತು ಅವರ ಗಂಡ ಟೆಂಟು, ಒಲೆ, ಪಾತ್ರೆ ಎಲ್ಲ ಹೇರಿಕೊಂಡು ಕಾರಿನಲ್ಲೇ ಹೋಗುವುದು, ರಜೆ ಸಾಲದ ನಾವು ವಿಮಾನದಲ್ಲಿ ಟೂಸಾನ್‌ಗೆ ಹೋಗಿ ಸೇರಿಕೊಳ್ಳುವುದು ಎಂದಾಯಿತು. ಇಂಪನಾ ತಾನೂ ಕಾರಿನಲ್ಲೇ ಹೋಗುತ್ತೇನೆಂದು ಹಟ ಹಿಡಿದಳು.

"ಮೂರು ದಿನ ಕಾರಲ್ಲಿ ಕೂತಿರೋಕಾಗತ್ತಾ ನಿನಗೆ? ವಾಂತಿ ಮಾಡ್ಕೋತೀಯ" ಅಂದೆ. ಕಾಕು ಜೊತೆ ಹೋದರೆ ವಾಂತಿ ಬರುವುದಿಲ್ಲ ಅಂದಳು. ನನ್ನ ಗಂಡ, "ಹೋಗ್ಲಿ ಬಿಡೆ, ಮಜಾ ಮಾಡ್ಲಿ" ಎಂದರು. ಅವರಿಗೆ ಇಂಥದ್ದೆಲ್ಲ ಯಾವತ್ತೂ ಕಾಣಿಸುವುದಿಲ್ಲ.

ನಾವು ಬಾಡಿಗೆ ಕಾರಿನಲ್ಲಿ ಪಾರ್ಕ್ ತಲುಪಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಕಣ್ಣು ಕುಕ್ಕುವ ಬೆಳಕು, ಕಂದು ಗುಡ್ಡಗಳು, ಪಾಪಾಸುಕಳ್ಳಿ, ನೆಲದಿಂದ ಕೋಲು ಕೋಲಾಗಿ ಎದ್ದು ತುದಿಯಲ್ಲಿ ಕೆಂಪು ಹೂ ಬಿಟ್ಟ ಮುಳ್ಳುಗಿಡಗಳು. ಆ ಮೂರೇ ದಿನಕ್ಕೆ ನನ್ನ ಮಗಳು ಬಿಸಿಲಿಗೆ ಕಂದಿ, ತಲೆಗೆ ಕಾಕುವಿನ ಪಂಜೆಯಂಥ ಬಟ್ಟೆ ಸುತ್ತಿಕೊಂಡು, ಮೇಜಿನ ಮೇಲೆ ಕಾಲು ಇಳಿಬಿಟ್ಟು ಕಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ತಿನ್ನುತ್ತಿದ್ದಳು. ಮನೆಯಲ್ಲಿ ಪಾಸ್ತಾ ಬಿಟ್ಟು ಬೇರೆ ಮುಟ್ಟದ ಹುಡುಗಿ. ಓಡಿಬಂದು ತಬ್ಬಿಕೊಂಡಳು, ನಿಜ. ಆದರೆ ತಬ್ಬಿಕೊಂಡೇ ಹಿಂದಕ್ಕೆ ತಿರುಗಿ, "ಕಾಕು, ನಾ ಹೇಳಿದ್ನಲ್ಲ, ಅಮ್ಮ ಈ ಬೂಟೇ ಹಾಕ್ಕೊಂಡು ಬರ್ತಾಳ ಅಂತ!" ಎಂದಳು. ಇಬ್ಬರೂ ನನ್ನ ಆಫೀಸಿನ ಬೂಟು ನೋಡಿ ನಕ್ಕರು.

ಕಾಕು ಒಂದು ಮರವನ್ನು ತೋರಿಸಿದರು. "ಇದನ್ನ ನೋಡ್ರಿ, ಮೈಸೂರವ್ರೇ. ನಮ್ಮ ಬಳ್ಳಾರಿ ಜಾಲಿ ಅಲ್ಲೇನು? ಇಲ್ಲಿ ಇದಕ್ಕ ಏನೋ ದೊಡ್ಡ ಹೆಸರು ಇಟ್ಟಾರ." ಮರದ ಬೊಡ್ಡೆಯನ್ನು ಕೈಯಿಂದ ಬಡಿದರು, ಎಮ್ಮೆಯ ಬೆನ್ನು ತಟ್ಟಿದ ಹಾಗೆ. ಎಲ್ಲಿ ಹೋದರೂ ಅಲ್ಲಿಯವರೇ ಆಗಿಬಿಡುವುದು ಅವರಿಗೆ ಒಲಿದಿತ್ತು. ನಾನು ಅಷ್ಟು ವರ್ಷ ಈ ದೇಶದಲ್ಲಿದ್ದರೂ ಯಾವ ಮರವನ್ನೂ ಹಾಗೆ ತಟ್ಟಿರಲಿಲ್ಲ.

ಮರುದಿನ ಗುಹೆಯ ಟೂರು. ಬೆಳಿಗ್ಗೆ ಇಂಪನಾ ಟೆಂಟಿನಿಂದ ಹೊರಬರುವುದೇ ತಡವಾಯಿತು. ಕಾಕು ಅವಳನ್ನು ಬಚ್ಚಲುಮನೆಯ ಕಟ್ಟಡದ ಕಡೆಗೆ ಕರೆದುಕೊಂಡು ಹೋದರು, ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಹೋದರು. ತಿಂದದ್ದು ಸರಿಹೋಗಿಲ್ಲವೇನೋ ಅಂದುಕೊಂಡೆ. ಇಂಪನಾ ಸೊಂಟಕ್ಕೆ ಕಾಕುವಿನ ಮೆರೂನ್ ಬಣ್ಣದ ಸ್ವೆಟರ್ ಕಟ್ಟಿಕೊಂಡಿದ್ದಳು. ಕೇಳಿದರೆ, ಒಳಗೆ ಚಳಿಯಿದ್ದರೆ ಎಂದಳು.

ಒಳಗೆ ಚಳಿ ಇರಲಿಲ್ಲ. ಒಂದು ಪುಟ್ಟ ಬಂಡಿಯಲ್ಲಿ ನಮ್ಮನ್ನು ಗುಡ್ಡದ ಬಾಯಿಗೆ ಕರೆದೊಯ್ದರು. ಗೈಡ್ ಒಬ್ಬ ವಯಸ್ಸಾದ ಹೆಂಗಸು. ಬ್ಯಾಗು, ಫೋನು, ನೀರಿನ ಬಾಟಲಿ ಯಾವುದೂ ಒಳಗೆ ಒಯ್ಯುವಂತಿಲ್ಲ. ಗೋಡೆ ಮುಟ್ಟುವಂತಿಲ್ಲ, ತಪ್ಪಿ ಕೈ ತಾಗಿದರೆ ಹೇಳಬೇಕು, ಆಮೇಲೆ ಅಷ್ಟು ಜಾಗವನ್ನು ತೊಳೆಯುತ್ತಾರೆ. ಬೆವರಿನ ಜಿಡ್ಡು ಕೂತರೆ ಆ ಕಲ್ಲು ಅಲ್ಲಿಗೇ ಬೆಳೆಯುವುದು ನಿಲ್ಲುತ್ತದಂತೆ. ಒಂದು ಉಕ್ಕಿನ ಬಾಗಿಲು ಹಿಂದೆ ಮುಚ್ಚಿದ ಮೇಲೆಯೇ ಮುಂದಿನ ಬಾಗಿಲು ತೆರೆಯಿತು. ಬಟ್ಟೆಯ ನೂಲು ಉದುರದಿರಲೆಂದು ಮೇಲಿನಿಂದ ಹನಿ ಸಿಂಪಡಿಸಿದರು. ಒಳಗೆ ಬೆಚ್ಚಗೆ, ಹಬೆಯಾಡುವ ಬಚ್ಚಲಿನ ಹಾಗೆ. ಹೊರಗೆ ಹನಿ ನೀರಿಲ್ಲದ ಮರಳುಗಾಡು, ಒಳಗೆ ಕಲ್ಲಿನಿಂದ ತೊಟತೊಟ ನೀರು. ಆಲದ ಬಿಳಲಿನಂತೆ ಇಳಿದ ಕಲ್ಲುಗಳು, ಹುಲ್ಲುಕಡ್ಡಿಯಷ್ಟು ತೆಳ್ಳಗಿನವು, ಮಡಿಕೆ ಮಡಿಕೆಯಾಗಿ ಇಳಿದ ಕೆಂಪು ಬಿಳಿ ಪಟ್ಟೆಯವು. ಗೈಡ್ ಅದು ಹಂದಿಮಾಂಸದ ಸೀಳಿನ ಹಾಗಿದೆ ಎಂದಾಗ ಕಾಕು ಮೆಲ್ಲಗೆ, "ಥೂ, ಒಣಗ ಹಾಕಿದ ಸೀರಿ ಇದ್ದಂಗ ಐತಿ" ಎಂದರು. ಇಂಪನಾ ಬಾಯಿ ಮುಚ್ಚಿಕೊಂಡು ನಕ್ಕಳು.

ಎಲ್ಲರೂ ಬೆವರುತ್ತಿದ್ದೆವು. ಸ್ವೆಟರಿನ ಗಂಟು ಸಡಿಲಾಗಿ ಜಾರುತ್ತಿತ್ತು. ನಾನು ಬಗ್ಗಿ, ಕೊಡು ಇಲ್ಲಿ, ನಾನು ಹಿಡ್ಕೋತೀನಿ ಎಂದು ಕೈ ಹಾಕಿದೆ. "ಡೋಂಟ್!" ಎಂದು ಅವಳು ನನ್ನ ಕೈಯನ್ನು ಸರಕ್ಕನೆ ತಳ್ಳಿದಳು. ಆಮೇಲೆ ನೋಡಿದ್ದು ನನ್ನ ಕಡೆಗಲ್ಲ, ಕಾಕುವಿನ ಕಡೆಗೆ.

ಆ ಒಂದು ನೋಟದಿಂದ ನನಗೆ ಎಲ್ಲ ತಿಳಿಯಿತು.

ಮಗಳು ದೊಡ್ಡವಳಾಗುವ ಆ ದಿನಕ್ಕಾಗಿ ನಾನು ಎಷ್ಟು ಸಿದ್ಧವಾಗಿದ್ದೆನೆಂದರೆ, ಮನೆಯ ಬಚ್ಚಲಿನ ಡ್ರಾಯರಿನಲ್ಲಿ ಬೇಕಾದದ್ದನ್ನೆಲ್ಲ ತಂದಿಟ್ಟಿದ್ದೆ. ಆ ಪ್ರಯಾಣಕ್ಕೂ ನನ್ನ ಸೂಟ್‌ಕೇಸಿನಲ್ಲಿ ಒಂದು ಪ್ಯಾಕೆಟ್ ಇಟ್ಟುಕೊಂಡು ಬಂದಿದ್ದೆ. ನನ್ನ ಸರದಿಯಲ್ಲಿ ಮೈಸೂರಿನ ಮನೆಯ ಒಂದು ಮೂಲೆಯಲ್ಲಿ ಚಾಪೆಯ ಮೇಲೆ ಕೂರಿಸಿದ್ದರು; ಬೀದಿಯ ಹೆಂಗಸರೆಲ್ಲ ಬಂದು ಆರತಿ ಎತ್ತಿದ್ದರು; ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನಿಸಿತ್ತು. ನನ್ನ ಮಗಳಿಗೆ ಹಾಗಾಗಬಾರದು, ನಾವಿಬ್ಬರೇ ಎಲ್ಲಾದರೂ ಹೋಗಿ ಬಿಸಿ ಚಾಕೊಲೇಟ್ ಕುಡಿಯುತ್ತ ಮಾತಾಡಬೇಕು, ಎಲ್ಲವನ್ನೂ ಹೇಳಬೇಕು ಎಂದು ಕಾರು ಓಡಿಸುತ್ತ ಎಷ್ಟು ಸಲ ಆ ಮಾತುಗಳನ್ನು ಒಬ್ಬಳೇ ಆಡಿ ನೋಡಿದ್ದೆ. ಅವಳು ಮೊದಲು ಬಂದು ಹೇಳುವುದು ನನಗೇ ಎಂಬುದರ ಬಗ್ಗೆ ಮಾತ್ರ ನನಗೆ ಸಂಶಯವೇ ಬಂದಿರಲಿಲ್ಲ.

ಗುಹೆಯ ಕೊನೆಯ ಅಂಕಣದಲ್ಲಿ ಗೈಡ್, ಈಗ ದೀಪ ಆರಿಸುತ್ತೇನೆ, ನಿಜವಾದ ಕತ್ತಲೆ ಹೇಗಿರುತ್ತದೆ ನೋಡಿ ಎಂದರು. ಆರಿತು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಯಾವುದೋ ಮಗು ಕುಂಯ್‌ಗುಟ್ಟಿತು. ಇಂಪನಾ ಚಿಕ್ಕಂದಿನಿಂದ ಕತ್ತಲೆಗೆ ಹೆದರುವವಳು. ಅವಳಿದ್ದ ಕಡೆಗೆ ಕೈ ಚಾಚಿದೆ. ಅವಳ ಬೆರಳು ಸಿಕ್ಕಿತು. ಅದರ ಸುತ್ತ ಇನ್ನೊಂದು ಕೈ ಆಗಲೇ ಇತ್ತು. ಬಳೆಗಳು ನನ್ನ ಮಣಿಕಟ್ಟಿಗೆ ತಾಗಿದವು.

ನಾನು ಕೈಯನ್ನು ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ಮೊಣಕೈ ಗೋಡೆಗೆ ಹೊಡೆಯಿತು. ದೀಪ ಬಂದ ಮೇಲೆ ಹೇಳದೆ ಇರುವಂತಿರಲಿಲ್ಲ. ಗೈಡ್ ಬೇಸರಿಸಿಕೊಳ್ಳದೆ ಆ ಜಾಗಕ್ಕೊಂದು ಗುರುತು ಹಾಕಿದರು. ಅಷ್ಟು ಜನರಲ್ಲಿ ಕಲ್ಲು ಮುಟ್ಟಿದವಳು ನಾನೊಬ್ಬಳೇ. ಇಂಪನಾ "ಅಮ್ಮಾ..." ಎಂದು ಹಲ್ಲು ಕಚ್ಚಿ ಮುಖ ತಿರುಗಿಸಿದಳು.

ಸಂಜೆಯ ಮುಂದೆ ಗಂಡಸರಿಬ್ಬರೂ ಗುಡ್ಡದ ಕಡೆಗೆ ನಡೆದು ಹೋದರು. ಇಂಪನಾ ದೂರದಲ್ಲಿ ಆ ಜಾಲಿ ಮರದ ಕೆಳಗೆ ಕೂತಿದ್ದಳು. ಕಾಕು ನನಗೆ ಬೆನ್ನು ಹಾಕಿ ಮೇಜಿನ ಮೇಲೆ ಈರುಳ್ಳಿ ಹೆಚ್ಚುತ್ತಿದ್ದರು.

"ನೀವು ನನಗೆ ಹೇಳ್ಬೇಕಿತ್ತು" ಅಂದೆ.

ಅವರು ತಿರುಗಲಿಲ್ಲ. ಕಣ್ಣು ಮೇಲೆತ್ತಿದರು. ಏನನ್ನು ಎಂದು ಕೇಳಲಿಲ್ಲ.

"ಹೇಳಬೇಕಿತ್ತು, ಖರೆ. ಆದ್ರ ಅಕಿ ಹೇಳಬ್ಯಾಡ ಅಂದ್ಲು. ಗುಹಾ ನೋಡಿ ಬರೂತನಾ ಹೇಳೂದಿಲ್ಲ ಅಂತ ಮಾತು ಕೊಟ್ಟೆ."

"ಹನ್ನೆರಡು ವರ್ಷದ ಹುಡುಗಿಗೆ ಕೊಟ್ಟ ಮಾತು ಅಷ್ಟು ದೊಡ್ಡದಾಗಿಹೋಯ್ತಾ?"

"ಆಕ್ಕೈತ್ರಿ. ಈಗ ನಾ ಮಾತು ಮುರದ್ರ, ಮುಂದ ಅಕಿ ಯಾರಿಗೂ ಏನೂ ಹೇಳೂದಿಲ್ಲ. ಬಸ್ಸಿನ್ಯಾಗ ಅಂಥಾ ಹುಡುಗೂರನ್ನ ಭಾಳ ನೋಡೀನಿ."

"ಅವಳು ನನ್ನ ಮಗಳು" ಅಂದೆ.

ಆಗ ಚಾಕು ಕೆಳಗಿಟ್ಟು ತಿರುಗಿದರು. ಈರುಳ್ಳಿಗೆ ಅವರ ಕಣ್ಣಲ್ಲಿ ನೀರು. "ಹೌದ್ರೀ, ನಿಮ್ಮ ಮಗಳು. ಅದಕ್ಕ ನಿಮಗ ಅಂಜಿದ್ಲು. ನನಗ್ಯಾಕ ಅಂಜಬೇಕು? ನಾ ಏನಾಗಬೇಕು ಅಕಿಗೆ? ಅಮ್ಮ ಹೊರಗ ಕುಂದರಸ್ತಾಳ, ಗುಹಾದಾಗ ಬಿಡೂದಿಲ್ಲ ಅಂದ್ಲು. ಆ ದಿನಗಳೊಳಗ ನೀವು ದೇವರ ಮುಂದ ಹೋಗೂದಿಲ್ಲಲ್ಲ, ಅದನ್ನ ನೋಡ್ಯಾಳ. ಗುಹಾನೂ ಹಂಗ ಅಂದ್ಕೊಂಡಾಳ."

"ನಾನು ಹಾಗೆ ಮಾಡ್ತಿರಲಿಲ್ಲ."

"ಅದನ್ನ ನನಗ ಹೇಳಬ್ಯಾಡ್ರಿ. ಅಲ್ಲಿ ಕುಂತಾಳ ನೋಡ್ರಿ, ಅಕಿಗೆ ಹೇಳ್ರಿ."

ಅವರು ಕ್ಷಮೆ ಕೇಳಲಿಲ್ಲ. ನನಗೆ ಸಮಾಧಾನವಾಗಲೆಂದೇ ಆಡಿದ ಮಾತಿರಬೇಕು ಅದು, ನಿಮಗೆ ಅಂಜಿದಳು ಎಂಬುದು. ಆದರೆ ನನಗೆ ಇನ್ನಷ್ಟು ಉರಿಯಿತು. ಡಬ್ಬಿ ಕಟ್ಟುವವಳಿಗೆ, ಹಲ್ಲಿನ ಡಾಕ್ಟರ ಹತ್ತಿರ ಒಯ್ಯುವವಳಿಗೆ, ಜ್ವರ ಬಂದರೆ ರಜೆ ಹಾಕುವವಳಿಗೆ ಅಂಜಿಕೆ. ಏನೂ ಆಗಬೇಕಿಲ್ಲದವಳಿಗೆ ಗುಟ್ಟು. ಇದು ಯಾವ ನ್ಯಾಯ?

ಮರದ ಕೆಳಗೆ ಹೋಗಿ ಇಂಪನಾಳ ಪಕ್ಕ ಕೂತೆ. ನನಗೆ ಗೊತ್ತಾಗಿದೆಯೆಂದು ಅವಳಿಗೂ ಗೊತ್ತಾಗಿತ್ತು. ಕಾರಿನಲ್ಲಿ ಆಡಿ ನೋಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅದರ ಬದಲು ಮೈಸೂರಿನ ಆ ಮೂಲೆಯ ಬಗ್ಗೆ, ಚಾಪೆಯ ಬಗ್ಗೆ, ಆರತಿಯ ಬಗ್ಗೆ, ಬಾಗಿಲ ಸಂದಿಯಿಂದ ಇಣುಕಿ ನಕ್ಕಿದ್ದ ನನ್ನ ತಮ್ಮನ ಬಗ್ಗೆ ಹೇಳಿದೆ. ಅವಳು ಕೇಳಿದಳು. ಆಮೇಲೆ ಇಂಗ್ಲಿಷಿನಲ್ಲಿ, ನೀನು ನನ್ನನ್ನು ಗುಹೆಗೆ ಬಿಡುತ್ತಿದ್ದೆಯಾ ಎಂದಳು.

"ಬಿಡ್ತಿದ್ದೆ ಕಂದಾ."

ಅವಳು ನನ್ನ ಮುಖ ನೋಡುತ್ತಲೇ ಇದ್ದಳು. ನಂಬಿದಳೋ ಇಲ್ಲವೋ ಇಂದಿಗೂ ತಿಳಿಯದು. ಹೊಟ್ಟೆ ನೋಯುತ್ತಿದೆ ಎಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಬೆನ್ನು ತೀಡಿದೆ. ಬಿಸಿಲು ಗುಡ್ಡದ ಮೇಲಿಂದ ಇಳಿಯುವವರೆಗೂ ಏಳಲಿಲ್ಲ.

ಊಟಕ್ಕೆ ಕಾಕು ಸಜ್ಜಕ ಮಾಡಿದ್ದರು. ಗೋದಿ ರವೆ, ಬೆಲ್ಲ, ಮೇಲೆ ಒಣಕೊಬ್ಬರಿ. ನನ್ನ ಗಂಡ, "ಏನ್ ವಿಶೇಷ, ಸಿಹಿ ಮಾಡಿದೀರಲ್ಲ?" ಎಂದು ಕೇಳಿದರು. "ಮರಳುಗಾಡಿನ್ಯಾಗ ಸಜ್ಜಕ ತಿನ್ನಬಾರದು ಅಂತ ಎಲ್ಲರೆ ಬರದಾರೇನು?" ಎಂದು ಕಾಕು ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ಇಂಪನಾಗೆ ಕೊಡುವಾಗ ತುಪ್ಪ ಹೆಚ್ಚು ಹಾಕಿದರು. ಆ ಸಿಹಿಯನ್ನು ಮಾಡಬೇಕಾದವಳು ನಾನು. ಬೆಲ್ಲ ಕಟ್ಟಿಕೊಂಡು ಬರಬೇಕೆಂದು ನನಗೆ ಹೊಳೆದಿರಲಿಲ್ಲ. ತಿಂದೆ. ಬಹಳ ರುಚಿಯಾಗಿತ್ತು, ಅದೂ ಒಂದು ಸಂಕಟ.

ಊರಿಗೆ ಬಂದ ಮೇಲೆ ಆಫೀಸಿನಲ್ಲಿ ಕೇಳಿ ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುವ ಏರ್ಪಾಡು ಮಾಡಿಕೊಂಡೆ. ಇನ್ನು ಮೇಲೆ ಇಂಪನಾ ಮನೆಗೇ ಬರಲಿ ಎಂದು ಕಾಕುಗೆ ಹೇಳಿದಾಗ "ಛಲೋ ಆತು ಬಿಡ್ರಿ" ಎಂದರು. ಮುಖದಲ್ಲಿ ಏನೂ ಕಾಣಲಿಲ್ಲ. ನೋಯಲಿ ಎಂದು ಸ್ವಲ್ಪ ಕಾದೆನೇನೋ. ಇಂಪನಾ ಮನೆಗೇ ಬಂದಳು, ರೂಮಿನ ಬಾಗಿಲು ಹಾಕಿಕೊಂಡಳು. ಭಾನುವಾರ ಸೈಕಲ್ ಹತ್ತಿ ಕಾಕು ಮನೆಗೆ ಹೋಗುತ್ತಿದ್ದಳು. ಅಲ್ಲಿ ಏನು ಮಾತಾಡುತ್ತಾರೆಂದು ನಾನು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ.

ಇದೆಲ್ಲದರ ನಡುವೆ ಕಾಕು ನನ್ನೊಂದಿಗೆ ಇದ್ದ ರೀತಿ ಒಂದಿಷ್ಟೂ ಬದಲಾಗಲಿಲ್ಲ. ನನಗೆ ಬೆನ್ನುನೋವು ಬಂದು ಮಲಗಿದಾಗ ಬಸ್ಸು ನಿಲ್ಲಿಸಿ ನೇರ ಬಂದು, ವೆಸ್ಟ್ ಬಿಚ್ಚದೆಯೇ ಹಗ್ಗದ ಮೇಲೆ ಒಣಹಾಕಿದ್ದ ಬಟ್ಟೆ ತೆಗೆದು ಮಡಿಸಿಟ್ಟು ಹೋದರು. ಹೊಟ್ಟೆಕಿಚ್ಚು ಪಡುವವರಿಗೆ ಎದುರಿನವರು ಕೆಟ್ಟವರಾಗಿದ್ದರೆ ಎಷ್ಟೋ ಅನುಕೂಲ. ಆ ಅನುಕೂಲವನ್ನು ಆಕೆ ನನಗೆ ಕೊನೆಯವರೆಗೂ ಮಾಡಿಕೊಡಲಿಲ್ಲ.

ಕೆಲವು ವರ್ಷಗಳ ಮೇಲೆ ಅವರ ಗಂಡ ಅರಿಜೋನಾದಲ್ಲಿ ಕೆಲಸ ಹಿಡಿದರು. ಬಿಸಿಲಿಗೆ ಹೋಗೋಣವೆಂದು ಹಿಂದೆ ಬಿದ್ದವರು ಕಾಕುವೇ ಅಂತೆ. ಅವರ ಬಸ್ಸಿನ ಕೊನೆಯ ದಿನ ತಿರುವು ತಿರುವಿನಲ್ಲೂ ತಾಯಂದಿರು ಹೂ ಹಿಡಿದು ನಿಂತಿದ್ದರು. ಮೀಸೆ ಬಂದ ಹುಡುಗರೂ, ಅವರ ಬಸ್ಸು ಬಿಟ್ಟು ವರ್ಷಗಳಾಗಿದ್ದವರೂ, ಬಂದು ತಬ್ಬಿಕೊಂಡು ಅತ್ತರು. ಇಂಪನಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಅಳಲಿಲ್ಲ. ಅವರ ಕಾರು ಕಣಿವೆಯ ಸೇತುವೆ ದಾಟಿದಾಗ ಹೆಗಲಿಂದ ಏನೋ ಇಳಿದ ಹಾಗಾಯಿತು. ಇನ್ನಾದರೂ ನನ್ನ ಮಗಳು ನನಗೆ ಸಿಗುತ್ತಾಳೆ ಅಂದುಕೊಂಡೆ. ಭಾನುವಾರದ ಸೈಕಲ್ ಹೋಗಿ ಭಾನುವಾರದ ಫೋನ್ ಬಂತು. ಮುಚ್ಚಿದ ಬಾಗಿಲಿನ ಆಚೆಯಿಂದ ಕನ್ನಡ ಕೇಳಿಸುತ್ತಿತ್ತು.

ಇಂಪನಾ ಕಾಲೇಜಿಗೆಂದು ಬೆಟ್ಟಗಳ ಆಚೆ, ರಾಜ್ಯದ ಪೂರ್ವದ ಅಂಚಿಗೆ ಹೋದಳು. ಮೊದಲ ವರ್ಷ, ಎಲೆ ಉದುರುವ ಕಾಲ. ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದಾಗ ಅವಳ ಫೋನ್ ಬಂತು. ಅವಳು ಆ ಹೊತ್ತಿನಲ್ಲಿ ಮಾಡುವವಳಲ್ಲ. ಹೊರಗೆ ಬಂದು ಎತ್ತಿಕೊಂಡೆ. "ಅಮ್ಮಾ, ಕಾಕು ಹೋದ್ರಂತ" ಎಂದಳು. ಬೆಳಿಗ್ಗೆ ಚಹಾ ಕುಡಿದು ಅಂಗಳದಲ್ಲಿ ಕೂತವರು ಕೂತಲ್ಲೇ ಹೋಗಿಬಿಟ್ಟಿದ್ದರು. ಅವರ ಚಿಕ್ಕ ಮಗ ಮೆಸೇಜ್ ಮಾಡಿದ್ದ. "ನೀ ಬರ್ತಿ ಏನು?" ಎಂದಳು.

ನಾನು ಲ್ಯಾಪ್‌ಟಾಪನ್ನೂ ತೆಗೆದುಕೊಳ್ಳದೆ ಹೊರಟೆ. ಕಣಿವೆ ದಾಟಿ, ಘಟ್ಟ ಹತ್ತಿ ಇಳಿದು, ಮಳೆಯ ಸೀಮೆ ಮುಗಿದು ಒಣಸೀಮೆ ಬರುವವರೆಗೂ ನನ್ನ ಕಣ್ಣಲ್ಲಿ ನೀರಿರಲಿಲ್ಲ. ಕೊಯ್ದ ಗೋದಿ ಹೊಲಗಳ ನಡುವೆ ಒಮ್ಮೆಲೇ ಎಲ್ಲಿಂದಲೋ ನುಗ್ಗಿ ಬಂತು. ಕಾರನ್ನು ಬದಿಗೆ ಹಾಕಿ ಅತ್ತೆ. ಅವರ ಮೇಲೆ ನನಗೆ ಅಷ್ಟು ಇತ್ತೆಂದು ನನಗೆ ಗೊತ್ತಿರಲಿಲ್ಲ.

ಇಂಪನಾ ಹಾಸ್ಟೆಲಿನ ಮೆಟ್ಟಿಲ ಮೇಲೆ ಕಾದಿದ್ದಳು. ಕಾರಿನಲ್ಲಿ ನನ್ನ ಪಕ್ಕ ಕೂತು ಅಳುವಷ್ಟು ಅತ್ತಳು. ಆಮೇಲೆ ಮುಂದಿನ ಗಾಜನ್ನು ನೋಡುತ್ತ ಇಂಗ್ಲಿಷಿನಲ್ಲಿ, ನಿನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ ಅಲ್ಲವಾ ಎಂದಳು.

"ಹಾಗಲ್ಲ ಕಣೇ. ನನಗೂ ಅವರು ಇಷ್ಟಾನೇ. ನಿನಗೆ ನನಗಿಂತ ಅವರು ಹೆಚ್ಚು ಅಂತ ಹೊಟ್ಟೆ ಉರೀತಿತ್ತು."

ಅವಳು ತಿರುಗಿ ನನ್ನನ್ನು ನೋಡಿದಳು. ಕೆಂಪಾದ ಕಣ್ಣು, ಸುರಿಯುವ ಮೂಗು. ಕನ್ನಡದಲ್ಲಿ, ಆ ಕನ್ನಡದಲ್ಲಿ ಹೇಳಿದಳು: "ಗೊತ್ತಿತ್ತು. ಕಾಕುಗೂ ಗೊತ್ತಿತ್ತು."

"ಏನಂದ್ರು ಅವರು?"

"ಉರೀಲಿ ಬಿಡು, ತಾಯಿ ಅದಾಳ ಅಂತಿದ್ರು."

ನನಗೆ ನಗು ಬಂತು. ಅವಳಿಗೂ ಬಂತು. ಅಳು ಇನ್ನೂ ನಿಲ್ಲದೆಯೇ ಇಬ್ಬರೂ ಕಾರು ಅಲುಗಾಡುವ ಹಾಗೆ ನಕ್ಕೆವು. ನಗುತ್ತಿರುವಾಗಲೇ ಒಂದು ಯೋಚನೆ ಬಂತು. ಈ ಇಬ್ಬರು ಕೂತು ನನ್ನ ಬಗ್ಗೆ ಹೀಗೆ ಮಾತಾಡಿಕೊಂಡಿದ್ದಾರೆ, ಎಷ್ಟು ಭಾನುವಾರ ಮಾತಾಡಿದ್ದಾರೋ, ಅದರಲ್ಲಿ ನಾನು ಒಂದು ದಿನವೂ ಇರಲಿಲ್ಲ. ಮತ್ತೆ ಅದೇ ಹೊಟ್ಟೆಕಿಚ್ಚು.

"ಇನ್ನೇನೇನ್ ಅಂತಿದ್ರು ನನ್ನ ಬಗ್ಗೆ?" ಎಂದು ಕೇಳಿದೆ.